ಸೋರಿದರೆ ತನ್ನಿ

2017ನೆಯ ಇಸವಿಯ ದೀಪಾವಳಿ ಕಳೆದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಎಂಬತ್ತೆರಡು ವರ್ಷ ತುಂಬಿದ್ದ ನಮ್ಮ ತಾಯಿಯವರ ಬಲಭುಜವು ಒಂದು ಬೆಳಗ್ಗೆ ಮೇಲೇಳದಾಯಿತು. ಕೀಲು ಸವೆದಿದೆ, ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯ ಯೋಚನೆ ಬೇಡ, ದಿನವೂ ಹದವಾದ ಬಿಸಿನೀರು ಭುಜದ ಮೇಲೆ ಧಾರೆಯಾಗಿ ಬೀಳುತ್ತಿದ್ದರೆ ನೋವು ಹತೋಟಿಯಲ್ಲಿರುತ್ತದೆ ಎಂದು ವೈದ್ಯರು ಹೇಳಿದರು. ಅವರು ಹೇಳಿದ್ದು ಸರಳವಾದ ಮಾತು. ಆದರೆ ತಿಳಿವು ಬಂದಂದಿನಿಂದ ಹಂಡೆಯ ನೀರನ್ನು ಚೊಂಬಿನಿಂದ ತೋಡಿ ತೋಡಿ ಮೈಮೇಲೆ ಸುರಿದುಕೊಂಡು ಸ್ನಾನಮಾಡಿದವರಿಗೆ, ಆ ಚೊಂಬು ಹೆಗಲಿನ ಮಟ್ಟಕ್ಕೆ ಏರದೆಹೋಯಿತೆಂದರೆ ಅದು ಕೇವಲ ಒಂದು ಕೀಲಿನ ವ್ಯಾಧಿಯಾಗಿರಲಿಲ್ಲ. ಎಡಗೈಯಿಂದ ಪ್ರಯತ್ನಿಸಿದರು; ಚೊಂಬು ಜಾರಿ ಕಲ್ಲಿನ ಮೇಲೆ ಬಿದ್ದು ಅದರ ಕಂಠದಲ್ಲಿ ಹೆಬ್ಬೆರಳಿನಷ್ಟು ನೆಗ್ಗು ಬಿದ್ದಿತು. ಸೊಸೆ ನೀರು ಹಾಕುತ್ತೇನೆಂದರೆ ಒಪ್ಪಲಿಲ್ಲ. "ನನ್ನ ಮೈಗೆ ನಾನೇ ನೀರು ಹಾಕಿಕೊಳ್ಳಲಾರದ ದಿನ ಇಷ್ಟು ಬೇಗ ಬಂತೇನೋ?" ಎಂದು ನನ್ನನ್ನು ಕೇಳಿದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತನಾಗಿದ್ದ ನಾನು, ಎಷ್ಟೋ ಮಕ್ಕಳ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳಿದ್ದವನು, ಆ ಪ್ರಶ್ನೆಯ ಮುಂದೆ ಸುಮ್ಮನೆ ನಿಂತುಬಿಟ್ಟೆನು.

ನಮ್ಮದು ಬೆಂಗಳೂರಿನ ದಕ್ಷಿಣಭಾಗದಲ್ಲಿ ತಂದೆಯವರು 1978ರಲ್ಲಿ ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಬಚ್ಚಲುಮನೆಯಲ್ಲಿ ಶವರು ಇಲ್ಲದಿರಲಿಲ್ಲ. ಮನೆಯನ್ನು ದುರಸ್ತಿಮಾಡಿಸಿದಾಗ ಹಾಕಿಸಿದ್ದೆವು. ಮಹಡಿಯ ಮೇಲೆ 2008ರಲ್ಲಿ ಕೂರಿಸಿದ, ಗಾಜಿನ ಕೊಳವೆಗಳ, 200 ಲೀಟರಿನ ಸೋಲಾರ್ ಸಹ ಇದ್ದಿತು. ಅದನ್ನು ಹಾಕಿಸಿದ್ದಕ್ಕಾಗಿ ವಿದ್ಯುತ್ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿಯವರೆಗೆ ರಿಯಾಯಿತಿಯೂ ಸಿಕ್ಕುತ್ತಿದ್ದಿತು. ಬಿಸಿನೀರು ಬೇಕಾದಷ್ಟು ಇದ್ದಿತು, ಧಾರೆ ಮಾತ್ರ ಇರಲಿಲ್ಲ. ಶವರಿನ ತಿರುಪನ್ನು ಪೂರ್ತಿ ತಿರುಗಿಸಿದರೂ, ಮಳೆ ನಿಂತ ಮೇಲೆ ಸೂರಿನಿಂದ ಹನಿಗಳು ತೊಟ್ಟಿಕ್ಕುವಂತೆ, ನಾಲ್ಕಾರು ಎಳೆಗಳು ಒಂದರ ಹಿಂದೊಂದು ಇಳಿಯುತ್ತಿದ್ದುವು. ಆದಕಾರಣ ಅದನ್ನು ಯಾರೂ ಬಳಸದೆ, ಹಿತ್ತಾಳೆಯ ಆ ಮುಖ ಕಪ್ಪಾಗಿ ಹೋಗಿದ್ದಿತು.

ಇದರ ಕಾರಣವು ನಾನು ಪ್ರತಿವರ್ಷ ಒಂಬತ್ತನೆಯ ತರಗತಿಗೆ ಪಾಠಮಾಡುತ್ತಿದ್ದ ವಿಷಯವೇ ಆಗಿದ್ದಿತು. ನೀರಿನ ಒತ್ತಡವು ತೊಟ್ಟಿಯ ಅಗಲವನ್ನಾಗಲಿ ಅದರಲ್ಲಿರುವ ನೀರಿನ ಮೊತ್ತವನ್ನಾಗಲಿ ಅವಲಂಬಿಸದೆ, ಅದು ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದೊಂದನ್ನೇ ಅವಲಂಬಿಸುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ. ನಮ್ಮ ಸೋಲಾರಿನ ತೊಟ್ಟಿಯ ತಳಕ್ಕೂ ಶವರಿನ ಬಾಯಿಗೂ ನಡುವಣ ಅಂತರವನ್ನು ಟೇಪು ಹಿಡಿದು ಅಳೆದು ನೋಡಿದೆನು: ಏಳು ಅಡಿ, ಎಂದರೆ ಎರಡು ಮೀಟರಿಗೆ ಒಂದಿಷ್ಟು ಹೆಚ್ಚು. ಶವರು ಚೆನ್ನಾಗಿ ಸುರಿಯಬೇಕಾದರೆ ಬೇಕಾಗುವ ಒತ್ತಡದ ಐದನೆಯ ಒಂದು ಪಾಲೂ ಅಲ್ಲಿ ಸರಿಯಾಗಿ ಒದಗುತ್ತಿರಲಿಲ್ಲ. ಆ ಟೇಪನ್ನು ಕೈಯಲ್ಲಿ ಹಿಡಿದು ಮಹಡಿಯ ಮೇಲೆ ನಿಂತಿದ್ದಾಗ ನನ್ನ ಮನಸ್ಸಿಗೆ ಬಂದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ನಮ್ಮ ನಲ್ಲಿಗೆ ಬರುವ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಬರುತ್ತದೆ. ಬರುವ ದಾರಿಯಲ್ಲಿ ಮೂರು ಕಡೆ ದೊಡ್ಡ ಪಂಪುಗಳು ಅದನ್ನು ಎತ್ತಿ ಎತ್ತಿ, ಒಟ್ಟು ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿಸುತ್ತವೆ. 1974ರಿಂದ ಈ ಕಾರ್ಯ ಹಗಲಿರುಳೂ ನಡೆದುಕೊಂಡು ಬಂದಿದೆ. ಅಷ್ಟು ಮಹತ್ತಾದ ಉದ್ಯಮದಿಂದ ಮನೆಯ ಬಾಗಿಲವರೆಗೆ ಬಂದ ನದಿಯು, ಒಬ್ಬ ವೃದ್ಧೆಯ ಭುಜವನ್ನು ಮುಟ್ಟಲು ಕೊನೆಯ ಏಳು ಅಡಿಯಲ್ಲಿ ಶಕ್ತಿಯಿಲ್ಲದೆ ನಿಂತಿದ್ದಿತು. ಅದನ್ನು ಮುಟ್ಟಿಸುವುದು ನನ್ನ ಪಾಲಿಗೆ ಬಂದ ಕೆಲಸವೆಂದು ನಾನು ಭಾವಿಸಿದೆನು.

ತೊಟ್ಟಿಯನ್ನು ಎತ್ತರಿಸುವುದು ಆಗದ ಮಾತು. ತಣ್ಣೀರು ಸೋಲಾರಿಗೆ ಹೋಗುವ ಕಡೆ ಪಂಪನ್ನು ಕೂರಿಸಿದರೆ, ಒತ್ತಡಕ್ಕೆಂದು ಮಾಡಿರದ ಆ ತೊಟ್ಟಿಯ ಬೆಸುಗೆ ಬಿಟ್ಟುಹೋದೀತು. ಬಿಸಿನೀರು ತೊಟ್ಟಿಯಿಂದ ಹೊರಟ ಮೇಲೆಯೇ ಪಂಪು ಅದನ್ನು ಹಿಡಿದು ತಳ್ಳಬೇಕು. ಆದರೆ ಮನೆಗಳಲ್ಲಿ ಬಳಸುವ ಸಾಧಾರಣ ಪ್ರೆಶರ್ ಪಂಪುಗಳನ್ನು ತಣ್ಣೀರಿಗೆಂದು ಮಾಡಿರುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಗಾಜಿನ ಕೊಳವೆಯ ಸೋಲಾರು ಎಂಬತ್ತು ಡಿಗ್ರಿಗೂ ಮೇಲೆ ಕಾಯಿಸಿ ಕಳುಹಿಸುವ ನೀರಿನಲ್ಲಿ ಅವುಗಳ ರಬ್ಬರು ಬಹುಕಾಲ ಬಾಳುವುದಿಲ್ಲ. ಬಿಸಿನೀರಿಗೆಂದೇ ತಯಾರಾದ ಪಂಪು ಬೇಕೆಂದು ಎಸ್.ಜೆ.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದೆನು. ಅಂಗಡಿಯವರು ವಯಸ್ಸಾದವರು, ಏತಕ್ಕೆ, ಎಲ್ಲಿಗೆ, ಸೋಲಾರು ಎಂಥದು, ಬಚ್ಚಲು ಎಷ್ಟು ದೂರ ಎಂದೆಲ್ಲ ವಿಚಾರಿಸಿ, ಒಳಗಿನಿಂದ ಒಂದು ಪೆಟ್ಟಿಗೆಯನ್ನು ತರಿಸಿ ಬಿಚ್ಚಿ ತೋರಿಸಿದರು. ತೊಂಬತ್ತು ಡಿಗ್ರಿಯವರೆಗಿನ ನೀರಿಗೆ ಯೋಗ್ಯವೆಂದು ಅದರ ಪುಸ್ತಕದಲ್ಲಿ ಮುದ್ರಿಸಿದ್ದಿತು. "ಎರಡು ವರ್ಷ ವಾರಂಟಿ ಇದೆ ಸ್ವಾಮಿ, ಯೋಚನೆ ಮಾಡಬೇಡಿ" ಎಂದು ಅವರು ಹೇಳಿ, ಯಂತ್ರದಿಂದ ಹೊರಬಂದ ಬೆಚ್ಚನೆಯ ಬಿಲ್ಲನ್ನು ಹರಿದು ನನ್ನ ಕೈಗಿತ್ತರು. ಕಾರ್ಡಿಗೆ ಮೊಹರು ಹಾಕುವುದನ್ನು ಅವರೂ ಮರೆತರು, ನಾನೂ ಕೇಳಲಿಲ್ಲ. ಅದು ಡಿಸೆಂಬರ್ 11ನೆಯ ತಾರೀಖು, ಸೋಮವಾರ.

ಪಂಪನ್ನು ಕೂರಿಸಲು ಬಂದವನು ಮಾಗಡಿಯ ಕಡೆಯ ಒಬ್ಬ ತರುಣ ಪ್ಲಂಬರ್. ಆತನ ಕೆಲಸವನ್ನು ನಾನು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಪಕ್ಕದಲ್ಲಿ ನಿಂತು ನೋಡಿದೆನು. ಅಷ್ಟು ಶ್ರದ್ಧೆಯಿಂದ ಒಬ್ಬ ಮನುಷ್ಯನು ಒಂದು ಕೆಲಸದಲ್ಲಿ ತೊಡಗಿರುವುದನ್ನು ನೋಡುವುದೇ ಒಂದು ಸುಖ. ಮೊದಲು ಆತನು ಪಂಪಿನ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಸೋಲಾರಿನ ತೊಟ್ಟಿಯ ನೆತ್ತಿಯಿಂದ ಮೇಲಕ್ಕೆ ಹೋಗಿದ್ದ ಸಣ್ಣ ಗಾಳಿಕೊಳವೆಯ ಬಳಿಗೆ ಹೋಗಿ, ಅದರ ಬಾಯೊಳಗೆ ಕಣಜವು ಕಟ್ಟಿದ್ದ ಮಣ್ಣಿನ ಗೂಡನ್ನು ತಂತಿಯಿಂದ ಕೆರೆದು ತೆಗೆದು, ಊದಿ, ಕಿವಿಯಿಟ್ಟು ಕೇಳಿದನು. "ಮೊದ್ಲು ಇದು ಉಸ್ರಾಡ್ಬೇಕು ಸಾರ್. ಪಂಪು ನೀರು ಎಳ್ದಾಗ ಮೇಲಿಂದ ಗಾಳಿ ಬರ್ದೇ ಇದ್ರೆ, ಟ್ಯಾಂಕು ಒಳಕ್ಕೆ ಕುಸ್ದೋಗ್ತದೆ" ಎಂದನು. ವಾಯುಮಂಡಲದ ಭಾರದಿಂದ ತಗಡಿನ ಡಬ್ಬಿ ನುಜ್ಜಾಗುವ ಪ್ರಯೋಗವನ್ನು ನಾನು ಶಾಲೆಯಲ್ಲಿ ಎಷ್ಟು ಸಲ ತೋರಿಸಿದ್ದೆನೋ ಲೆಕ್ಕವಿಲ್ಲ. ಆದರೆ ನಮ್ಮ ಮಹಡಿಯ ಮೇಲಣ ತೊಟ್ಟಿಯೂ ಅಂಥದೇ ಒಂದು ಡಬ್ಬಿ ಎಂಬುದು ಆತನ ಬಾಯಿಂದ ಕೇಳುವ ತನಕ ನನಗೆ ಹೊಳೆದಿರಲಿಲ್ಲ.

ಆಮೇಲೆ ಸಿಪಿವಿಸಿ ಪೈಪನ್ನು ಕೊಯ್ದು, ಅಂಚುಗಳನ್ನು ಚಾಕುವಿನಿಂದ ನಯಮಾಡಿ, ಅಂಟು ಹಚ್ಚಿ, ಪ್ರತಿಯೊಂದು ಜೋಡಣೆಯನ್ನೂ ಉಸಿರು ಬಿಗಿಹಿಡಿದಂತೆ ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟನು. ಪಂಪಿನ ಎರಡು ಪಕ್ಕಕ್ಕೂ ಯೂನಿಯನ್ನುಗಳನ್ನು ಹಾಕಿದನು. "ನಾಳೆ ಬಿಚ್ಬೇಕಾದ್ರೆ ಪೈಪು ಕುಯ್ಬಾರ್ದು ಸಾರ್" ಎಂಬುದು ಆತನ ವಿವರಣೆ. ಕರೆಂಟು ಹೋದಾಗ ನೀರು ಎಂದಿನಂತೆ ತಾನಾಗಿ ಇಳಿಯಲೆಂದು, ಪಂಪನ್ನು ಬಳಸಿಕೊಂಡು ಹೋಗುವ ಬೇರೊಂದು ದಾರಿಯನ್ನೂ, ತಳ್ಳಿದ ನೀರು ಆ ದಾರಿಯಲ್ಲಿ ಹಿಂದಿರುಗದಂತೆ ತಡೆಯುವ ವಾಲ್ವನ್ನೂ ಜೋಡಿಸಿದನು. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನಾನೇ ಹಟ ಹಿಡಿದೆನು. ಒದ್ದೆಯ ಮೈಯಲ್ಲಿ ಮುದುಕಿಯೊಬ್ಬರು ನಿಂತಿರುವ ಜಾಗಕ್ಕೆ ಮೋಟಾರಿನಿಂದ ನೀರು ಹೋಗುತ್ತದೆಂದಾದರೆ, ಸರಿಯಾದ ಅರ್ತಿಂಗ್ ಇರಬೇಕು, ಮೂವತ್ತು ಮಿಲಿಆಂಪಿಯರ್ ಸೋರಿದರೂ ಕ್ಷಣದೊಳಗೆ ಸಂಪರ್ಕವನ್ನು ಕಡಿಯುವ ಸ್ವಿಚ್ಚು ಇರಬೇಕು. ಇವೆರಡೂ ಆಗುವವರೆಗೆ ಪಂಪನ್ನು ಚಾಲೂಮಾಡಲು ಬಿಡಲಿಲ್ಲ. ಕಡೆಯಲ್ಲಿ ಪಂಪಿನ ತಲೆಯ ತಿರುಪನ್ನು ಸಡಿಲಿಸಿ ಒಳಗಿದ್ದ ಗಾಳಿಯನ್ನು ಬಿಟ್ಟಾಗ, ಬುಸುಬುಸು ಎಂದು ಉಗುಳಿ ಉಗುಳಿ, ನೀರು ಒಂದೇ ಸಮನಾದ ಎಳೆಯಾಗಿ ಹೊರಬಂದಿತು. ತಿರುಪನ್ನು ಬಿಗಿದು, ಕೆಳಗಿಳಿದು ಬಂದು, ಶವರನ್ನು ತಿರುಗಿಸಿದೆವು. ಹಿತ್ತಾಳೆಯ ಮುಖದ ಅಷ್ಟೂ ಕಣ್ಣುಗಳಿಂದ ನೀರು ಹೊಮ್ಮಿ ಎದುರಿನ ಗೋಡೆಗೆ ಅಪ್ಪಳಿಸಿತು.

ಆದರೆ ಆ ನೀರು ಕೈ ಸುಡುವಷ್ಟು ಬಿಸಿಯಾಗಿದ್ದಿತು. ತಣ್ಣೀರಿನ ತಿರುಪನ್ನು ಎಷ್ಟು ತಿರುಗಿಸಿದರೂ ಅದು ತಣಿಯಲಿಲ್ಲ. ಬಲಗೊಂಡ ಬಿಸಿನೀರು, ಬಲವಿಲ್ಲದ ತಣ್ಣೀರನ್ನು ಮಿಕ್ಸರಿನೊಳಗೇ ಹಿಮ್ಮೆಟ್ಟಿಸಿ ಅದರ ಪೈಪಿನೊಳಕ್ಕೂ ನುಗ್ಗುತ್ತಿದ್ದಿತು. ಇದನ್ನು ಮುಂಚೆಯೇ ಊಹಿಸದಿದ್ದುದು ನಮ್ಮಿಬ್ಬರ ತಪ್ಪು. ಒಂದರ ಬಲವನ್ನು ಹೆಚ್ಚಿಸಿದರೆ ಇನ್ನೊಂದರ ಬಲವನ್ನೂ ಸರಿಸಮನಾಗಿ ಹೆಚ್ಚಿಸಬೇಕು. ಇಲ್ಲದಿದ್ದರೆ ಬಚ್ಚಲಿನಲ್ಲಿ ಬೊಬ್ಬೆಯೇಳುವುದು ಖಂಡಿತ. ಮರುದಿನ ತಣ್ಣೀರಿಗೂ ಅದೇ ಬಲದ ಒಂದು ಸಾಧಾರಣ ಪಂಪನ್ನು ತಂದು, ಎರಡನ್ನೂ ಪಕ್ಕಪಕ್ಕದಲ್ಲಿ ರಬ್ಬರಿನ ದಿಂಬಿನ ಮೇಲೆ ಕೂರಿಸಿ, ಮೇಲೊಂದು ತಗಡಿನ ಗೂಡು ಮಾಡಿಸಿದೆನು. ಈ ಎರಡನೆಯ ಪಂಪು ಮುಂದೆ ನನ್ನ ಪರವಾಗಿ ಸಾಕ್ಷಿ ನುಡಿಯಲಿರುವುದೆಂಬುದು ಆಗ ನನಗೆ ತಿಳಿಯದು.

ಮೂರನೆಯ ದಿನ ತಾಯಿಯವರು ಮಣೆಯ ಮೇಲೆ ಕುಳಿತು, ಒಳಗಿನಿಂದ ಚಿಲಕ ಹಾಕಿಕೊಂಡು, ತಾವೊಬ್ಬರೇ ಸ್ನಾನಮಾಡಿದರು. ಬಾಗಿಲ ಹೊರಗೆ ನಿಂತಿದ್ದ ನನಗೆ ಮೊದಲು ನೀರಿನ ಸದ್ದು ಮಾತ್ರ ಕೇಳಿಸುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ ಅದರೊಳಗಿನಿಂದ ಅವರು ಸ್ನಾನದ ವೇಳೆಯಲ್ಲಿ ಹೇಳಿಕೊಳ್ಳುತ್ತಿದ್ದ ಗಂಗಾದಿ ನದಿಗಳ ಹೆಸರುಗಳು ಒಂದೊಂದಾಗಿ ಕೇಳಿಬಂದುವು. ಒಂದು ತಿಂಗಳಿನಿಂದ ಆ ಹೆಸರುಗಳು ಮನೆಯಲ್ಲಿ ಕೇಳಿಬಂದಿರಲಿಲ್ಲ.

ಹೀಗೆ ಒಂದು ವರ್ಷ ಎರಡು ತಿಂಗಳು ಸುಖವಾಗಿ ಕಳೆದುವು. 2018ರ ಬೇಸಗೆಯಲ್ಲಿ ಕಾವೇರಿಯ ನೀರು ಸಾಲದೆ ಹೋದಾಗ, ನಮ್ಮ ಬೀದಿಯ ಎಲ್ಲರಂತೆ ನಾವೂ ಬೋರ್‌ವೆಲ್ಲಿನ ನೀರನ್ನು ಸಂಪಿಗೆ ತುಂಬಿಸಿಕೊಂಡಿದ್ದೆವು. 2019ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಮಹಡಿಗೆ ಹೋದಾಗ, ಬಿಸಿನೀರಿನ ಪಂಪಿನ ಕೆಳಗೆ ತಟ್ಟೆಯಗಲದ ಒದ್ದೆ ಕಂಡಿತು. ಅದರ ಅಂಚಿನಲ್ಲಿ ರಂಗೋಲಿಯ ಎಳೆಯಂಥ ಬಿಳಿಯ ಗೆರೆ. ನಾಲ್ಕು ದಿನಗಳಲ್ಲಿ ಮೋಟಾರು ಗೊರಗೊರ ಎನ್ನತೊಡಗಿ, ಐದನೆಯ ದಿನ ನಿಂತುಹೋಯಿತು.

ವಾರಂಟಿ ಇದೆಯಲ್ಲ, ಚಿಂತೆಯಿಲ್ಲ ಎಂದು ತಾಯಿಯವರಿಗೆ ಹೇಳಿದೆನು. ಆ ಪದ ಅವರ ಕಿವಿಗೆ ಹಿತವಾಗಲಿಲ್ಲ. "ವಾರಂಟು ಅಂದರೆ ಪೊಲೀಸಿನವರು ತರೋದಲ್ಲವೇನೋ?" ಎಂದು ಕೇಳಿದರು. 1942ರ ಚಳವಳಿಯಲ್ಲಿ ಅವರ ಸೋದರಮಾವನ ಮೇಲೆ ವಾರಂಟು ಹೊರಟಿದ್ದಾಗ ಅವರು ಏಳು ವರ್ಷದ ಹುಡುಗಿ. ಅಡಕೆಯ ಅಟ್ಟದ ಮೇಲೆ ಮಾವನು ಅಡಗಿದ್ದ ಮೂರು ರಾತ್ರಿಗಳು ಅವರಿಗೆ ಕೊನೆಯವರೆಗೂ ನೆನಪಿದ್ದುವು. ವಾಸ್ತವವಾಗಿ ವಾರಂಟು, ವಾರಂಟಿ, ಗ್ಯಾರಂಟಿ ಈ ಮೂರೂ ಒಂದೇ ಬೇರಿನ ಪದಗಳು. ಹಳೆಯ ಫ್ರೆಂಚಿನ ಎರಡು ಪ್ರಾಂತಗಳ ಉಚ್ಚಾರಣೆಯಿಂದ, ಒಂದೆಡೆ ವಕಾರವಾಗಿಯೂ ಇನ್ನೊಂದೆಡೆ ಗಕಾರವಾಗಿಯೂ ಇಂಗ್ಲಿಷಿಗೆ ಬಂದಂಥವು. ಅದನ್ನು ಅವರಿಗೆ ವಿವರಿಸಿದಾಗ, "ಹಾಗಾದರೆ ಅವರು ಬಂದೇ ಬರುತ್ತಾರೆ ಬಿಡು" ಎಂದು ಸಮಾಧಾನಪಟ್ಟರು.

ಕಡತವನ್ನು ತೆಗೆದು ನೋಡಿದೆನು. ಬಿಲ್ಲು ಇದ್ದಿತು, ಅದರ ಮೇಲೆ ಅಕ್ಷರಗಳಿರಲಿಲ್ಲ. ಆ ಕಾಗದದಲ್ಲಿ ಅಕ್ಷರಗಳನ್ನು ಮೂಡಿಸುವುದು ಶಾಯಿಯಲ್ಲ, ಶಾಖ; ಹೀಗೆ ಮೂಡಿದ್ದು ಬಿಸಿಲಿಗೆ, ಸೆಕೆಗೆ, ಪ್ಲಾಸ್ಟಿಕ್ಕಿನ ಕವರಿನ ಸ್ಪರ್ಶಕ್ಕೆ ಮಾಸಿಹೋಗುತ್ತದೆ. ಎರಡು ವರ್ಷಗಳ ವಾಗ್ದಾನಕ್ಕೆ ಆಧಾರವಾದ ಪತ್ರವು ಒಂದು ವರ್ಷವೂ ಬಾಳದ ಕಾಗದದ ಮೇಲೆ ಮುದ್ರಿತವಾಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ದಿನದಿಂದ ಇಂಥ ಬಿಲ್ಲು ಕೈಗೆ ಬಂದ ಕ್ಷಣದಲ್ಲೇ ಅದರ ನೆರಳಚ್ಚನ್ನು ತೆಗೆಸಿ ಇಡುವುದು ನಮ್ಮ ಮನೆಯಲ್ಲಿ ನಿಯಮವಾಗಿದೆ. ಮತ್ತೆ ಎಸ್.ಜೆ.ಪಿ. ರಸ್ತೆಗೆ ಹೋದೆನು. ಅಂಗಡಿಯವರು ಆ ಬಿಳಿಯ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ, ಒಳಕೋಣೆಯಿಂದ ದಿನವಹಿಯನ್ನು ತಂದು, ಡಿಸೆಂಬರ್ 11ರ ಪುಟವನ್ನು ಬೆರಳಿನಿಂದ ಹುಡುಕಿ, ಪಂಪಿನ ನಂಬರನ್ನು ತಾಳೆನೋಡಿ, ಹೊಸದಾಗಿ ಕೈಬರಹದ ಬಿಲ್ಲೊಂದನ್ನು ಬರೆದು, ಕಾರ್ಡಿಗೂ ಮೊಹರು ಒತ್ತಿದರು. ನನ್ನ ಮಾತಿಗಿಂತ ತಮ್ಮ ಪುಸ್ತಕವನ್ನು ನಂಬಿದರು. ಆದರೆ ಪುಸ್ತಕವನ್ನು ತೆರೆದು ನೋಡುವಷ್ಟು ನನ್ನ ಮಾತನ್ನೂ ನಂಬಿದರು.

ದೂರವಾಣಿಯಲ್ಲಿ ದೂರು ದಾಖಲಾದ ಹತ್ತನೆಯ ದಿನ, ಕಂಪನಿಯ ಸರ್ವೀಸ್ ಸೆಂಟರಿನಿಂದ ಒಬ್ಬ ಹುಡುಗನು ಬಂದನು. ಮಹಡಿಯ ಮೇಲೆ ಹಳೆಯ ವೃತ್ತಪತ್ರಿಕೆಯೊಂದನ್ನು ಹಾಸಿ, ಪಂಪಿನ ತಲೆಯ ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ಒಳಗಿನದನ್ನು ಒಂದೊಂದಾಗಿ ಸಾಲಾಗಿಟ್ಟನು. ನೀರನ್ನು ತಿರುಗಿಸಿ ತಳ್ಳುವ ಚಕ್ರದ ರೆಕ್ಕೆಗಳ ಸಂದಿಯಲ್ಲೆಲ್ಲ ಸುಣ್ಣವು ಹಲ್ಲಿನ ಕಿಟ್ಟದಂತೆ ಗಟ್ಟಿಯಾಗಿ ಕಟ್ಟಿದ್ದಿತು. ತಿರುಗುವ ದಂಡಕ್ಕೂ ನಿಂತ ಕವಚಕ್ಕೂ ನಡುವೆ ನೀರು ಮೋಟಾರಿನ ಕಡೆ ಹೋಗದಂತೆ ತಡೆಯುವ ಎರಡು ಉಂಗುರಗಳಿರುತ್ತವೆ. ಒಂದು ಪಿಂಗಾಣಿಯದು, ಒಂದು ಇದ್ದಿಲಿನದು. ಇವುಗಳ ಮುಖಗಳು ಕನ್ನಡಿಯಂತೆ ನಯವಾಗಿ, ಒಂದರ ಮೇಲೊಂದು ಜಾರುತ್ತ, ಕೂದಲೆಳೆಗಿಂತ ಎಷ್ಟೋ ತೆಳುವಾದ ನೀರಿನ ಪೊರೆಯೊಂದನ್ನು ನಡುವೆ ಹಿಡಿದುಕೊಂಡು ಸುತ್ತುತ್ತಿರುತ್ತವೆ. ಅಂಗೈಯಲ್ಲಿ ಹಿಡಿದು ನೋಡಿದಾಗ ಇದ್ದಿಲಿನ ಉಂಗುರದ ಮುಖದಲ್ಲಿ ಉದ್ದಕ್ಕೂ ಒಂದು ಗೀರು, ಆ ಗೀರಿನೊಳಗೆ ಬಿಳಿಯ ಪುಡಿ. ಇಡೀ ಪಂಪಿನ ಮರಣಕ್ಕೆ ಕಾರಣವಾದದ್ದು ಅಷ್ಟೇ.

"ಸ್ಕೇಲಿಂಗ್ ಸಾರ್. ವಾರಂಟಿಗೆ ಬರಲ್ಲ" ಎಂದನು. ಕಾರ್ಡಿನ ಹಿಂಬದಿಯಲ್ಲಿ, ಭೂತಗನ್ನಡಿಯಿಲ್ಲದೆ ಓದಲಾಗದ ಅಕ್ಷರಗಳಲ್ಲಿ, ಹನ್ನೆರಡು ನಿಬಂಧನೆಗಳಿದ್ದುವು. ನೀರಿಲ್ಲದೆ ಓಡಿಸಿದರೆ ಇಲ್ಲ, ವೋಲ್ಟೇಜು ಏರಿಳಿದು ಕೆಟ್ಟರೆ ಇಲ್ಲ, ಬಿಲ್ಲಿಲ್ಲದಿದ್ದರೆ ಇಲ್ಲ. ಹೀಗೆ ಸಾಗಿ, ಮರಳು, ಕಸ ಅಥವಾ ಇತರ ಪರವಸ್ತುಗಳಿಂದ ಆದ ಹಾನಿಗೆ ಇಲ್ಲ ಎಂಬ ವಾಕ್ಯವೊಂದನ್ನು ಆತನು ಬೆರಳಿಟ್ಟು ತೋರಿಸಿದನು. ಆ ಹುಡುಗನ ಮೇಲೆ ನನಗೆ ಕೋಪವಿರಲಿಲ್ಲ. ಆ ದಿನ ಆತನಿಗೆ ಏಳು ಮನೆಗಳಿದ್ದುವು, ನಮ್ಮದು ಐದನೆಯದು, ಮಧ್ಯಾಹ್ನ ಮೂರಾದರೂ ಊಟದ ಡಬ್ಬಿ ಚೀಲದಲ್ಲಿ ಹಾಗೆಯೇ ಇದ್ದಿತು. ಕೈತೊಳೆದು ಇಲ್ಲೇ ಉಣ್ಣಪ್ಪಾ ಎಂದು ಕೂರಿಸಿ ಮಜ್ಜಿಗೆ ಕೊಟ್ಟೆವು.

ಆದರೆ ಆ ಒಂದು ಪದವು ಅಂದು ರಾತ್ರಿ ನನ್ನನ್ನು ನಿದ್ರಿಸಲು ಬಿಡಲಿಲ್ಲ. ಸುಣ್ಣವು ನೀರಿಗೆ ಪರವಸ್ತುವೇ? ಮರಳು ಹೊರಗಿನಿಂದ ಬಂದದ್ದು, ಸೋಸಿದರೆ ಹೋಗುತ್ತದೆ. ಭೂಮಿಯ ಕಲ್ಲುಗಳ ನಡುವೆ ಹರಿದು ಬಂದ ನೀರಿನಲ್ಲಿ ಸುಣ್ಣವು ಕರಗಿ, ಕಣ್ಣಿಗೆ ಕಾಣದೆ, ನೀರೇ ಆಗಿರುತ್ತದೆ. ತಣ್ಣಗಿರುವ ತನಕ ಅದು ಹಾಗೆಯೇ ಇರುತ್ತದೆ. ಕಾಯಿಸಿದೊಡನೆ ಅದರೊಂದಿಗಿದ್ದ ಇಂಗಾಲಾಮ್ಲವಾಯು ಹೊರಟುಹೋಗಿ, ಕರಗಿದ್ದುದು ಗಟ್ಟಿಯಾಗಿ ಮುಟ್ಟಿದ ಕಡೆಯಲ್ಲೆಲ್ಲ ಅಂಟಿಕೊಳ್ಳುತ್ತದೆ. ಬೆಳಗಾಗುತ್ತಲೇ ಮಹಡಿಗೆ ಹೋಗಿ, ಪಕ್ಕದಲ್ಲೇ ಇದ್ದ ತಣ್ಣೀರಿನ ಪಂಪನ್ನು ಪ್ಲಂಬರ್ ಹುಡುಗನಿಂದ ಬಿಚ್ಚಿಸಿದೆನು. ಅದೇ ಸಂಪಿನ ನೀರು, ಅಷ್ಟೇ ದಿನಗಳ ದುಡಿಮೆ; ಒಳಗಿನ ಚಕ್ರವು ಹೊಸದರಂತೆ ಹೊಳೆಯುತ್ತಿದ್ದಿತು. ಕಾರಣ ಹೊರಗಿನ ವಸ್ತುವಲ್ಲ, ಕಾಯಿಸುವಿಕೆ. ಕಾಯಿಸಿದ ನೀರಿಗೆಂದೇ ಮಾಡಿ, ಕಾಯಿಸಿದ ನೀರಿಗೆಂದೇ ಮಾರಿದ ಯಂತ್ರವು, ಕಾಯಿಸಿದ ನೀರಿನ ಸ್ವಭಾವದಿಂದ ಕೆಟ್ಟರೆ, ಆ ಸ್ವಭಾವವನ್ನು ಮುಂಚೆಯೇ ಅರಿತಿರಬೇಕಾದವರು ಯಾರು?

ನ್ಯಾಯವಾದಿಯಾದ ನನ್ನ ಹಳೆಯ ಶಿಷ್ಯನೊಬ್ಬನು ಈ ವಾದಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಿದನು. 1930ರ ಸರಕು ಮಾರಾಟದ ಅಧಿನಿಯಮದಲ್ಲಿ ವಾರಂಟಿ ಎಂಬುದು ಒಪ್ಪಂದದ ಮುಖ್ಯ ಉದ್ದೇಶವಲ್ಲ, ಅದಕ್ಕೆ ಆನುಷಂಗಿಕವಾದ ಮಾತು. ಅದನ್ನು ಮುರಿದರೆ ನಷ್ಟವನ್ನು ಕೇಳಬಹುದು, ಸರಕನ್ನೇ ತಿರಸ್ಕರಿಸಲಾಗದು. ಆದರೆ ಅದೇ ಅಧಿನಿಯಮದ 16ನೆಯ ಪ್ರಕರಣವು, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಲ್ಲಿ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತನ್ನು, ಕೆಲವು ನಿಯಮಗಳಿಗೆ ಒಳಪಡಿಸಿ, ತಾನಾಗಿಯೇ ಒಪ್ಪಂದದೊಳಗೆ ಸೇರಿಸುತ್ತದೆ, ಯಾರೂ ಬರೆಯಬೇಕಾಗಿಲ್ಲ. ಮೇಲಾಗಿ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಗ್ರಾಹಕ ಸಂರಕ್ಷಣಾ ಅಧಿನಿಯಮವಿದ್ದಿತು. ಅದರ ಜಾಗಕ್ಕೆ 2019ರ ಹೊಸ ಅಧಿನಿಯಮ 2020ರ ಜುಲೈಯಲ್ಲಿ ಜಾರಿಗೆ ಬಂದಿದೆ. ದೂರಿಗೆ ಕಾರಣ ಉಂಟಾದಂದಿನಿಂದ ಎರಡು ವರ್ಷಗಳ ಅವಧಿ ಎರಡರಲ್ಲಿಯೂ ಉಂಟು. "ಮೇಷ್ಟ್ರೇ, ಮೊದಲು ಒಂದು ಕಾಗದ ಬರೆಯಿರಿ. ಕೇಸಿನ ಮಾತು ಕಡೆಗೆ" ಎಂದು ಅವನು ಸಲಹೆಯಿತ್ತನು.

ನೀರನ್ನು ಪರೀಕ್ಷೆಗೆ ಕೊಟ್ಟು, ವರದಿಯನ್ನು ಪಡೆದೆನು. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರ್ಯವೆಂದೂ, ಬೇರೆ ನೀರಿಲ್ಲದ ಕಡೆ 600ರವರೆಗೂ ಆಗಬಹುದೆಂದೂ ಹೇಳುತ್ತದೆ. ನಮ್ಮ ಬೋರ್‌ವೆಲ್ಲಿನದು ಈ ಎರಡರ ನಡುವೆ ಇದ್ದಿತು. ಪಂಪಿನ ಪುಸ್ತಕದಲ್ಲಿ ಶಾಖದ ಮಿತಿಯಿದ್ದಿತು, ಗಡಸುತನದ ಮಾತು ಎಲ್ಲಿಯೂ ಇರಲಿಲ್ಲ. ಎರಡು ಚಕ್ರಗಳ ಛಾಯಾಚಿತ್ರ, ಪುಸ್ತಕದ ಆ ಪುಟ, ವರದಿ, ಕೈಬರಹದ ಬಿಲ್ಲು ಇವುಗಳ ಪ್ರತಿಗಳನ್ನು ಲಗತ್ತಿಸಿ, ನಾಲ್ಕು ಪುಟಗಳ ಪತ್ರವನ್ನು ಬರೆದು, ಕಂಪನಿಯ ಮುಖ್ಯ ಕಚೇರಿಗೆ ಸ್ವೀಕೃತಿಸಹಿತವಾದ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆನು.

ಆ ದಿನಗಳಲ್ಲಿ ತಾಯಿಯವರು ಸೊಸೆಯ ಕೈಯಿಂದಲೇ ನೀರು ಹಾಕಿಸಿಕೊಳ್ಳುತ್ತಿದ್ದರು. ನದಿಗಳ ಹೆಸರು ಮತ್ತೆ ನಿಂತುಹೋಗಿದ್ದಿತು. ನಾನು ರಾತ್ರಿ ಹೊತ್ತು ಕಾಗದಗಳನ್ನು ಹರಡಿಕೊಂಡು ಕುಳಿತಿರುವುದನ್ನು ನೋಡಿ, ಒಂದು ದಿನ ಅವರು ತೀರ್ಥಹಳ್ಳಿಯ ಸೀಮೆಯ ತಮ್ಮ ತವರುಮನೆಯ ಹಂಡೆಯ ವಿಷಯವನ್ನು ಹೇಳಿದರು. ನಾಲ್ಕು ಕೊಡ ನೀರು ಹಿಡಿಯುತ್ತಿದ್ದ ತಾಮ್ರದ ಹಂಡೆ. ಒಂದು ವರ್ಷ ತಳದಲ್ಲಿ ಸೂಜಿಮೊನೆಯಷ್ಟು ತೂತಾಗಿ, ಒಲೆಯ ಬೆಂಕಿಯನ್ನು ಚುರ್ರೆನ್ನಿಸತೊಡಗಿತು. ಅಜ್ಜನವರು ಅದನ್ನು ಗಾಡಿಯಲ್ಲಿ ಹೇರಿಕೊಂಡು ಸಂತೆಗೆ ಒಯ್ದಾಗ ಈ ಹುಡುಗಿಯೂ ಜೊತೆಯಲ್ಲಿದ್ದಳು. ಸಂತೆಯ ಮೂಲೆಯಲ್ಲಿ ತಿದಿಯೊತ್ತುತ್ತ ಕುಳಿತಿದ್ದ ಕಂಚುಗಾರನು ಹಂಡೆಯನ್ನು ಬೋರಲು ಹಾಕಿ, ಒಳಗೆ ತಲೆತೂರಿಸಿ ಬಿಸಿಲು ಬರುವ ಕಡೆಯನ್ನು ಗುರುತುಮಾಡಿ, ಬೆಸುಗೆಯಿಟ್ಟು, ತಟ್ಟಿ, ನೀರು ತುಂಬಿ ತೋರಿಸಿದನು. ಮತ್ತೆ ಸೋರಿದರೆ ಏನು ಗತಿ ಎಂದು ಅಜ್ಜನವರು ಕೇಳಿದುದಕ್ಕೆ, ಆತನು ತಲೆಯೆತ್ತದೆ, "ಸೋರಿದರೆ ತನ್ನಿ" ಎಂದನಂತೆ. "ಅಷ್ಟೇ ಕಣೋ. ಅದಕ್ಕೆ ಮೊಹರೂ ಇರಲಿಲ್ಲ, ಕಾಗದವೂ ಇರಲಿಲ್ಲ" ಎಂದರು ತಾಯಿ.

ಆ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಕಂಚುಗಾರನು ನಮಗಿಂತ ಒಳ್ಳೆಯ ಕಾಲದ ಒಳ್ಳೆಯ ಮನುಷ್ಯನಾಗಿದ್ದನೆಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಮುಂದಿನ ವಾರದ ಸಂತೆಯಲ್ಲಿ ಅದೇ ಮೂಲೆಯಲ್ಲಿ ಆತನು ಕುಳಿತಿರುತ್ತಿದ್ದನು. ಹಂಡೆ ಸೋರಿದರೆ ಸಂತೆಗೆ ಸಂತೆಯೇ ನೋಡುತ್ತಿದ್ದಿತು. ಆ ಎರಡು ಪದಗಳ ಹಿಂದೆ ಇಡೀ ಊರು ಸಾಕ್ಷಿಯಾಗಿ ನಿಂತಿದ್ದಿತು. ಇನ್ನೊಂದು ರಾಜ್ಯದ ಕಾರ್ಖಾನೆಯಲ್ಲಿ ನಮ್ಮ ಪಂಪನ್ನು ಜೋಡಿಸಿದ ಕೈಗಳು ನಮ್ಮ ತಾಯಿಯವರ ಭುಜವನ್ನು ಎಂದೂ ನೋಡಿದವಲ್ಲ, ನೋಡಲಾರವು. ಆ ದೂರವನ್ನು ತುಂಬುವುದಕ್ಕಾಗಿಯೇ ಕಾರ್ಡು, ಮೊಹರು, ಅಧಿನಿಯಮ, ಆಯೋಗ, ಈಗ 1915 ಎಂದು ಒತ್ತಿದರೆ ಸಿಗುವ ಗ್ರಾಹಕ ಸಹಾಯವಾಣಿ ಇವೆಲ್ಲ ಹುಟ್ಟಿಕೊಂಡಿವೆ. ಇವುಗಳನ್ನು ನಾನು ಗೌರವಿಸುತ್ತೇನೆ. ನನ್ನ ದೂರು ಇಷ್ಟೇ: ಕಾರ್ಡನ್ನು ಬರೆದವರು, ಯಾವ ಯಾವ ಸಂದರ್ಭಗಳಲ್ಲಿ ತಾವು ಹೊಣೆಯಲ್ಲ ಎಂಬುದನ್ನು ಯೋಚಿಸುವಷ್ಟೇ ಶ್ರದ್ಧೆಯಿಂದ, ಪಂಪು ಕೆಟ್ಟ ಮನೆಯಲ್ಲಿ ಯಾರು ಸ್ನಾನವಿಲ್ಲದೆ ಕುಳಿತಿರಬಹುದು ಎಂಬುದನ್ನು ಯೋಚಿಸಲಿಲ್ಲ.

ಹದಿನೆಂಟು ದಿನಗಳ ಮೇಲೆ ಮುಖ್ಯ ಕಚೇರಿಯಿಂದ ಹಿರಿಯ ಅಧಿಕಾರಿಣಿಯೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. ಪತ್ರದ ನಾಲ್ಕು ಪುಟಗಳನ್ನೂ ಓದಿದ್ದರು. ತಣ್ಣೀರಿನ ಪಂಪಿನ ಚಿತ್ರದ ವಿಷಯವಾಗಿ ಎರಡು ಪ್ರಶ್ನೆಗಳನ್ನು ಕೇಳಿದರು. ಏಪ್ರಿಲ್ ಮೊದಲ ವಾರದಲ್ಲಿ ಹೊಸ ಪಂಪು ಬಂದಿತು. ಅದರೊಡನೆ ಬಂದ ಪತ್ರದಲ್ಲಿ, ಯಾವ ಹೊಣೆಯನ್ನೂ ಒಪ್ಪಿಕೊಳ್ಳದೆ, ಕೇವಲ ಸೌಹಾರ್ದದ ದೃಷ್ಟಿಯಿಂದ ಬದಲಿ ಪಂಪನ್ನು ಕೊಡಲಾಗಿದೆ ಎಂದೂ, ಇದರ ವಾರಂಟಿಯು ಹಳೆಯದರ ಉಳಿದ ಅವಧಿಗೆ ಮಾತ್ರ ಸಲ್ಲುವುದೆಂದೂ ಬರೆದಿದ್ದಿತು. ನಾನು ಕೇಳಿದ್ದು ಸೌಹಾರ್ದವನ್ನಲ್ಲ, ಸಲ್ಲಬೇಕಾದುದನ್ನು. ಆದುದರಿಂದ ಆ ಪದವು ನನ್ನನ್ನು ಇಂದಿಗೂ ಸ್ವಲ್ಪ ನೋಯಿಸುತ್ತದೆ. ಹೊಸ ಪುಸ್ತಕದಲ್ಲಿ ಹದಿಮೂರನೆಯ ನಿಬಂಧನೆಯೊಂದು ಸೇರಿದ್ದಿತು: ಗಡಸುನೀರಿಗೆ ಮೃದುಕಾರಕವನ್ನು ಬಳಸದಿದ್ದರೆ ವಾರಂಟಿ ಇಲ್ಲ. ಕೊಳ್ಳುವ ಮುಂಚೆ ಓದಿ ತಿಳಿಯುವಂತೆ ಅದನ್ನು ಮುದ್ರಿಸಿದುದು ಒಳ್ಳೆಯದೇ ಆಯಿತು. ಮೃದುಕಾರಕವನ್ನು ಹಾಕಿಸಿದೆನು, ಅಲ್ಲದೆ ಆರು ತಿಂಗಳಿಗೊಮ್ಮೆ ಆ ಮಾಗಡಿಯ ಹುಡುಗನೇ ಬಂದು, ಯೂನಿಯನ್ನುಗಳನ್ನು ಸಡಿಲಿಸಿ, ಪಂಪನ್ನು ಬಿಚ್ಚಿ, ಸುಣ್ಣವನ್ನು ಸಡಿಲಿಸುವ ಹುಳಿನೀರಿನಲ್ಲಿ ಚಕ್ರವನ್ನು ತೊಳೆದು ಹೋಗುವ ಏರ್ಪಾಟಾಯಿತು.

ಆ ವರ್ಷದ ದೀಪಾವಳಿಗೆ, ನೀರು ತುಂಬುವ ಹಬ್ಬದ ಸಂಜೆ, ತಾಯಿಯವರು ನನ್ನನ್ನು ಕರೆದು, ಪಕ್ಕದ ಖಾಲಿ ಸೈಟಿನ ಬೇಲಿಯಲ್ಲಿ ಹಬ್ಬಿದ್ದ ಮಾಲಿಂಗನ ಬಳ್ಳಿಯನ್ನು ತರಲು ಹೇಳಿದರು. ತವರಿನಲ್ಲಿ ಅದನ್ನು ಹಂಡೆಯ ಕೊರಳಿಗೆ ಸುತ್ತುತ್ತಿದ್ದರು. ಇಲ್ಲಿ ಹಂಡೆಯಿಲ್ಲವಲ್ಲಮ್ಮಾ ಎಂದೆನು. "ನೀರು ಕಾಯೋದು ಎಲ್ಲಿ, ಮೇಲಲ್ಲವೇ? ಅಲ್ಲಿಗೇ ಕಟ್ಟು" ಎಂದರು. ಸೋಲಾರಿನ ತೊಟ್ಟಿಗೆ ಒಂದು ಸುತ್ತು, ಪಂಪಿನಿಂದ ಹೊರಡುವ ಪೈಪಿಗೆ ಎರಡು ಸುತ್ತು ಕಟ್ಟಿ ಬಂದೆನು. ಮರುದಿನ ಬೆಳಗಿನ ಜಾವ ಎಣ್ಣೆಯ ಮೈಯಲ್ಲಿ ಅವರು ಚಿಲಕ ಹಾಕಿಕೊಂಡಾಗ, ಮೇಲೆ ಪಂಪು ಮೆಲ್ಲಗೆ ಗುಂಯ್ಗುಟ್ಟಿತು.

ಅದೇ ಡಿಸೆಂಬರಿನಲ್ಲಿ ವಾರಂಟಿ ಮುಗಿಯಿತು. ತಾಯಿಯವರು 2022ರ ಜನವರಿಯಲ್ಲಿ ತೀರಿಕೊಂಡರು. ಹಿಂದಣ ದಿನದವರೆಗೂ ತಮ್ಮ ಸ್ನಾನವನ್ನು ತಾವೇ ಮಾಡಿಕೊಂಡರು. ಪಂಪು ಈಗಲೂ ನಡೆಯುತ್ತಿದೆ. ಬಳ್ಳಿಯನ್ನು ಪ್ರತಿವರ್ಷವೂ ನಾನೇ ಕಟ್ಟುತ್ತೇನೆ. ಕಳೆದ ಸಲ ತೊಳೆಯಲು ಬಂದ ಹುಡುಗನು ತಗಡಿನ ಗೂಡನ್ನು ತೆಗೆದಾಗ, ಹಿಂದಿನ ದೀಪಾವಳಿಯ ಬಳ್ಳಿ ಒಣಗಿ ನಾರಾಗಿ, ಒಂದೆರಡು ಕಾಯಿಗಳು ಸುಕ್ಕುಗಟ್ಟಿ, ಪೈಪಿಗೆ ಹಾಗೆಯೇ ಸುತ್ತಿಕೊಂಡಿದ್ದುವು. ಸ್ಪ್ಯಾನರನ್ನು ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖವನ್ನು ನೋಡಿದನು. "ಅಜ್ಜಿದು ಅಲ್ವಾ ಸಾರ್?" ಎಂದು, ಬಳ್ಳಿಯನ್ನು ಕಡಿಯದೆ, ಹಗುರವಾಗಿ ಒಂದು ಪಕ್ಕಕ್ಕೆ ಜರುಗಿಸಿ, ಯೂನಿಯನ್ನನ್ನು ಬಿಚ್ಚತೊಡಗಿದನು.